ಎಸಳಿಲ್ಲದ ನಾಲ್ಕು ಗುಂಡು

"ಯಾವ ಮಗಾ ಮುಟ್ಟ್ಯಾನ ಇವನ್ನ? ಹೇಳಲೇ, ಯಾವ ಮಗಾ?"

"ನಾ ಮುಟ್ಟೀನಿ. ನನ್ನ ಮಷೀನು, ನನ್ನ ಮನಿ. ಮುಟ್ಟಾಕ ನಿನ್ನ ಪರವಾನಗಿ ಬೇಕೇನು?"

"ಮಷೀನು ನಿಂದಪಾ. ಗುಂಡು ಯಾರವು? ನನ್ನ ಮಗಳ ಕೂಸಿನ ತೊಟ್ಟಲದ ಗುಂಡು ಇವು. ಎರಡು ದಿನ ನಿಂತು ಎಸಳು ಎಬ್ಬಿಸಿದ್ದೆ. ಎಲ್ಲಿ ಹೋದೂವು?"

"ಎಸಳಂತ, ಎಸಳು! ಟೂಲು ನಡಗಿ ಗೀರು ಬಿದ್ದಿದ್ದೂವು. ಎಮರಿ ಪೇಪರ ಹಚ್ಚಿ ತಿಕ್ಕೀನಿ. ಛೊಲೊ ಮಾಡೀನಿ, ಉಪಕಾರ ತಿಳಿ."

ದಾವಲಮಲಿಕ ಕೈಯಲ್ಲಿದ್ದ ಗುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದ. ನಿಂಬೆಹಣ್ಣಿನಷ್ಟು ಹಿತ್ತಾಳೆ ಗುಂಡು. ಅದರೊಳಗೆ ಕಿಟಕಿ ಇತ್ತು, ಕಿಟಕಿಯ ಸರಳುಗಳಿದ್ದವು, ದಾವಲಮಲಿಕನ ಬಿಳಿ ಟೊಪ್ಪಿಗೆ ಇತ್ತು, ಬಾಗಿ ಅಗಲವಾದ ಅವನ ಮೂಗಿತ್ತು. ಅವನು ಗುಂಡಿನ ಮೈಮೇಲೆ ಎಬ್ಬಿಸಿದ್ದ ಹೂವಿನೆಸಳು ಮಾತ್ರ ಇರಲಿಲ್ಲ. ಎರಡನೆಯದನ್ನು ಎತ್ತಿ ನೋಡಿದ, ಮೂರನೆಯದನ್ನು, ನಾಲ್ಕನೆಯದನ್ನು. ಗುರಣ್ಣ ಕಾಲು ಅಗಲಿಸಿ, ಎದೆ ಮುಂದೆ ಮಾಡಿ ನಿಂತಿದ್ದ. ಈಗ ಒಂದು ಗುಂಡು ತನ್ನ ಎದೆಗೆ ಬಂದು ಬೀಳುತ್ತದೆ ಅಂದುಕೊಂಡಿದ್ದ. ಹಾಗೆ ಬಿದ್ದಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವರು ಜಗಳಾಡದ ವಾರ ಇರಲಿಲ್ಲ. ನಟ್ಟು ಬಿಗಿಯುವ ಪಾನಾ ಕಳೆದುಹೋಗಿದ್ದಕ್ಕೆ, ಎಣ್ಣೆ ಹೆಚ್ಚು ಸುರಿದದ್ದಕ್ಕೆ, ಒಮ್ಮೆ ಬರೀ ಚಹಾ ಆರಿಹೋದದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದರು. ಇವತ್ತಿನ ಜಗಳವನ್ನೂ ಗುರಣ್ಣ ಬೆಳಿಗ್ಗೆ ಹಲ್ಲುಜ್ಜುವಾಗಲೇ ಪೂರ್ತಿ ಹೊಂದಿಸಿಕೊಂಡಿದ್ದ. ಮಲೀಕ, ದಾವಲಮಲಿಕನನ್ನು ಅವನು ಕರೆಯುತ್ತಿದ್ದುದು ಹಾಗೆ, ಏನು ಅಂದರೆ ತಾನು ಏನು ಅನ್ನಬೇಕು, ಯಾವ ಮಾತಿಗೆ ದನಿ ಏರಿಸಬೇಕು, ಎಲ್ಲ. ಆದರೆ ಮಲೀಕ ನಡುವೆಯೇ ಕೂಗುವುದನ್ನು ನಿಲ್ಲಿಸಿಬಿಟ್ಟ. ಗುರಣ್ಣನಿಗೆ ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟು ಮೆಟ್ಟಿಲು ಸಿಗದಂತಾಯಿತು.

"ಖರೇ ಹೇಳು ಗುರಣ್ಣ," ಎಂದ ಮಲೀಕ. ದನಿ ಇಳಿದಿತ್ತು. "ಗೀರು ಬಿದ್ದಾವಂತ ತಿಳದು ಒರಸಿದೇನು?"

"ಹೂಂ ಮತ್ತ. ಇಲ್ಲಂದ್ರ ನನಗೇನು ಹುಚ್ಚೇನು?"

ಮಲೀಕ ಗೋದಲಿಯ ಕಟ್ಟೆಯ ಮೇಲೆ ಕುಳಿತ. ಟೊಪ್ಪಿಗೆ ತೆಗೆದು ಮೊಣಕಾಲಿಗೆ ಹಾಕಿದ. "ಹಂಗಾರ ತಪ್ಪು ನಂದು," ಎಂದ. "ಇಪ್ಪತ್ತೆರಡು ವರ್ಷ ಬಾಜೂಕ ನಿಂತಿ. ಇದು ಹಿಂಗ, ಇದು ಹಂಗ ಅಂತ ಒಮ್ಮೆರ ನಿನಗ ಹೇಳಿಕೊಟ್ಟಿಲ್ಲ ನಾ. ನೀನು ಕೇಳಲಿಲ್ಲ, ನಾ ಹೇಳಲಿಲ್ಲ. ಕರೆಂಟ್ ಬರಲಿ. ನಾಲ್ಕೂ ಮತ್ತ ಮಷೀನಿಗೆ ಏರಸೋಣು. ನಿನ್ನ ಕೈಲೇ ಮಾಡಸ್ತೀನಿ."

ಕರೆಂಟು ಬರುವುದು ಒಂದು ಗಂಟೆಗೆ. ಆ ವಾರ ಸಿಂದಗಿಯ ಈ ಭಾಗಕ್ಕೆ ಮಷೀನು ತಿರುಗಿಸುವ ಮೂರು ಫೇಜಿನ ಕರೆಂಟು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ. ಈಗ ಹತ್ತೂವರೆ. ಎರಡೂವರೆ ತಾಸು ಈ ಮನುಷ್ಯನ ಎದುರು ಕೂಡಬೇಕು. ಗುರಣ್ಣ ಸುಮ್ಮನೆ ಇರಲಾರದೆ ಲೋಹ ಬಿಗಿದು ಹಿಡಿಯುವ ವೈಸಿನ ಹಿಡಿಕೆಯನ್ನು ಬಟ್ಟೆಯಿಂದ ಒರೆಸತೊಡಗಿದ. ಒರೆಸುತ್ತಿದ್ದೇನೆ ಎಂದು ಹೊಳೆದೊಡನೆ ಬಟ್ಟೆ ಕೆಳಗಿಟ್ಟ.

ಮಷೀನಿಟ್ಟ ಆ ಜಾಗ ದನದ ಮನೆ. ದನ ಹೋಗಿ ಎಷ್ಟೋ ವರ್ಷವಾಗಿತ್ತು. ಗೋದಲಿಯಲ್ಲಿ ಹೊಟ್ಟಿನ ಬದಲು ಡ್ರಿಲ್ಲು, ಟೂಲು, ಹಿತ್ತಾಳೆಯ ಸುರುಳಿ ಹೊಟ್ಟು. ಸೊಲ್ಲಾಪುರದಲ್ಲಿ ಬಂದ್ ಬಿದ್ದ ಮಿಲ್ಲೊಂದರ ಲೇಥನ್ನು, ಲೋಹ ತಿರುಗಿಸಿ ಕಡೆಯುವ ಈ ಮಷೀನನ್ನು, ಗುರಣ್ಣ ಲಾರಿಯಲ್ಲಿ ಹೇರಿಸಿಕೊಂಡು ಬಂದಾಗ ಅದರ ಜೊತೆಗೇ ದಾವಲಮಲಿಕನೂ ಬಂದಿದ್ದ. ಮಿಲ್ಲಿನಲ್ಲಿ ಅದೇ ಮಷೀನಿನ ಮೇಲೆ ಕೆಲಸಕ್ಕಿದ್ದ ಸಿಂದಗಿಯವನು. ಇಳಿಸಿ, ನಟ್ಟು ಬಿಗಿದು, ಮೊದಲ ಸಲ ತಿರುಗಿಸಿ ತೋರಿಸಿ ಹೋಗುತ್ತೇನೆ ಅಂದವನು ಹೋಗಲೇ ಇಲ್ಲ. ಪಂಪಿನ ಶಾಫ್ಟು, ಬುಶ್ಶು, ಕಬ್ಬಿನ ಗಾಣದ ರೋಲು ಗುರಣ್ಣನ ಕೆಲಸ. ಅವನ ಕೈಯಲ್ಲಿ ಕೂದಲೆಳೆ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ತಾಳಿಕೋಟೆ, ಇಂಡಿ, ಬಾಗೇವಾಡಿಯಿಂದೆಲ್ಲ ಅದಕ್ಕೆ ಜನ ಬರುತ್ತಿದ್ದರು. ಚೆಂದದ ಕೆಲಸ ಮಲೀಕನದು. ತೂಗುಮಂಚದ ಕಾಲು, ದೀಪದ ಸಮೆಯ ಕಂಬ, ಪಲ್ಲಕ್ಕಿಯ ದಂಡಿಗೆಯ ತುದಿ, ಮೊಹರಮಿನ ಪಂಜಾ ಕೂಡಿಸುವ ಬುಡ. ಅದರಲ್ಲೂ ಎಸಳು. ಲೇಥಿನ ಮೇಲೆ ಟೂಲು ನಡುಗಿದರೆ ಲೋಹದ ಮೈಮೇಲೆ ಗಡಗಡ ಗೀರು ಬೀಳುತ್ತದೆ. ಯಾವ ಮಿಸ್ತ್ರಿಯನ್ನು ಕೇಳಿದರೂ ಅದು ತಪ್ಪು, ಕೈ ಸಡಿಲಿದ್ದವರ ಕೆಲಸ. ದಾವಲಮಲಿಕ ಬೇಕೆಂದೇ ನಡುಗಿಸುತ್ತಿದ್ದ. ಸವೆದ ಗರಗಸದ ಬ್ಲೇಡನ್ನು ತೆಳ್ಳಗೆ ಮಸೆದು, ಸಡಿಲಾಗಿ ಹಿಡಿದು, ಬೆನ್ನಿಗೆ ಹೆಬ್ಬೆರಳು ಒತ್ತಿ, ಮಷೀನಿನ ಬೆಲ್ಟನ್ನು ನಿಧಾನ ತಿರುಗುವ ಗಾಲಿಗೆ ಹಾಕಿ, ಕಿವಿ ಹತ್ತಿರ ತಂದು ಕೇಳುತ್ತಿದ್ದ. ಬ್ಲೇಡು ಜೀರುಂಡೆಯಂತೆ ಗುಂಯ್‌ಗುಟ್ಟಿದಾಗ ಒಂದು ಉಸಿರಿನಷ್ಟು ಹೊತ್ತು ತಾಗಿಸಿ ತೆಗೆದುಬಿಡುತ್ತಿದ್ದ. ಮಷೀನು ನಿಂತಾಗ ಗುಂಡಿನ ನೆತ್ತಿಯಿಂದ ಇಳಿದ ಇಪ್ಪತ್ತೋ ಇಪ್ಪತ್ತೆರಡೋ ಎಸಳು, ಒಂದರ ಮೇಲೊಂದು ವಾಲಿಕೊಂಡು, ಬೆಳಕು ಬಿದ್ದರೆ ಇನ್ನೂ ತಿರುಗುತ್ತಿವೆ ಅನ್ನುವ ಹಾಗೆ.

ಗುರಣ್ಣನಿಗೆ ಅದು ಬರುತ್ತಿರಲಿಲ್ಲ. ಕನ್ನೊಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಅವನಿಗೆ ಸಿಕ್ಕ ಶಹಬಾಸ್‌ಗಿರಿ ಒಂದೇ. ಮಾಸ್ತರರು ಅವನ ಪಾಟಿ ಎತ್ತಿ ಹಿಡಿದು, ಗೆರೆ ಅಂದರೆ ಹಿಂಗಿರಬೇಕು ನೋಡ್ರಿ ಅಂದಿದ್ದರು. ಪಟ್ಟಿ ಇಲ್ಲದೆ ಎಳೆದ ಗೆರೆ. ಆ ದಿನದ ಬಿಸಿಲು, ಪಾಟಿಯ ಕಟ್ಟಿಗೆಯ ಚೌಕಟ್ಟಿನ ವಾಸನೆ ಅವನಿಗೆ ಈಗಲೂ ನೆನಪಿತ್ತು. ಹುಟ್ಟಿದಾಗಿನಿಂದ ಕೈ ನಡುಗದ ಹಾಗೆ ನೋಡಿಕೊಂಡು ಬಂದವನ ಬಾಜೂಕ ನಿಂತು ಇನ್ನೊಬ್ಬ ಕೈ ನಡುಗಿಸಿ ಹೂ ಮಾಡುತ್ತಿದ್ದ. ಚಡಚಣದ ದ್ರಾಕ್ಷಿ ವ್ಯಾಪಾರಿ ತೂಗುಮಂಚದ ಕಾಲು ಒಯ್ಯಲು ಬಂದಾಗ ಗುಂಡನ್ನು ಬಿಸಿಲಿಗೆ ಹಿಡಿದು, "ವಾ! ಇದು ಸಾಹೇಬರ ಕೈ" ಅಂದು, ಗುರಣ್ಣನ ಕಡೆ ತಿರುಗಿ, "ಏ ತಮ್ಮಾ, ಸಾಹೇಬ್ರಿಗೆ ಚಾ ಹೇಳು" ಅಂದಿದ್ದ. ಗುರಣ್ಣ ಚಹಾ ಹೇಳಲು ಹೋದ. ಹೋಗಬಾರದಿತ್ತು. ನಾನು ಈ ಮಷೀನಿನ ಮಾಲಕ ಅನ್ನಬೇಕಿತ್ತು. ಹೋಟೆಲಿನವರೆಗೆ ಹೋಗಿ, ಅವರಿಬ್ಬರಿಗೆ ಎರಡೇ ಚಹಾ ಕಳಿಸಲು ಹೇಳಿ, ತಾನು ಅಲ್ಲೇ ನಿಂತು ಒಬ್ಬನೇ ಕುಡಿದು ಬಂದಿದ್ದ. ಮಲೀಕ ಆಮೇಲೆ, "ಅಂವಾ ದನಾ ಇದ್ದಂಗ ಅದಾನ, ಬಿಡೋ" ಎಂದು ನಕ್ಕಿದ್ದ. ನಕ್ಕದ್ದು ಗುರಣ್ಣನಿಗೆ ವ್ಯಾಪಾರಿಯ ಮಾತಿಗಿಂತ ಹೆಚ್ಚು ಚುಚ್ಚಿತು.

ಮಲೀಕ ಈಗ ಗೋದಲಿಯಲ್ಲಿ ಬ್ಲೇಡು ಹುಡುಕುತ್ತಿದ್ದ. ಸಿಕ್ಕದ್ದನ್ನು ಕಲ್ಲಿನ ಮೇಲೆ ಮಸೆಯತೊಡಗಿದ. "ಹಳೇದು ನನ್ನ ಕೈಗೆ ಹೊಂದೇತಿ. ನಿನ್ನ ಕೈಗೆ ಇದು ಸ್ವಲ್ಪ ದಪ್ಪ ಇರಲಿ," ಎಂದ. ಗುರಣ್ಣನಿಗಾಗಿ ಬೇರೆ ಬ್ಲೇಡು! ಗುರಣ್ಣ ಎದ್ದು ಹಿತ್ತಿಲಿಗೆ ಹೋದ.

ಹಿತ್ತಿಲಲ್ಲಿ ಬತ್ತಿದ ಬಾವಿ. ಅದರೊಳಗೆ ಹನ್ನೊಂದು ಹಿತ್ತಾಳೆ ತುಂಡುಗಳಿದ್ದವು. ಅದು ಅವನಿಗೊಬ್ಬನಿಗೆ ಗೊತ್ತಿತ್ತು. ಮಲೀಕ ಊರಲ್ಲಿಲ್ಲದ ದಿನಗಳಲ್ಲಿ, ಐದಾರು ವರ್ಷಗಳಲ್ಲಿ, ಕದ ಮುಂದೆ ಮಾಡಿಕೊಂಡು ಅವನು ಎಸಳು ಎಬ್ಬಿಸಲು ನೋಡಿದ ತುಂಡುಗಳು. ಅದೇ ಬ್ಲೇಡು, ಅದೇ ಗಾಲಿ, ಅದೇ ಹೆಬ್ಬೆರಳು. ಬಿದ್ದದ್ದು ಬರೀ ಗೀರು, ಬೆಕ್ಕು ಪರಚಿದ ಹಾಗೆ. ಎಸಳು ಯಾವುದು, ಗೀರು ಯಾವುದು ಎಂದು ಸಿಂದಗಿ ತಾಲೂಕಿನಲ್ಲಿ ಮಲೀಕನನ್ನು ಬಿಟ್ಟರೆ ಗುರಣ್ಣನಿಗೆ ಗೊತ್ತಿದ್ದಷ್ಟು ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಅವನು ಬಾವಿಯ ದಂಡೆಗೆ ಕೈಯೂರಿ ನಿಂತ. ಎರಡು ಶಬ್ದ. ನನಗ ಗೊತ್ತಿತ್ತು. ಒಳಗೆ ಹೋಗಿ ಅಂದುಬಿಟ್ಟರೆ ಮುಗಿಯಿತು. ಮಲೀಕ ಬೈಯುತ್ತಾನೆ, ಅಟ್ಟಾಡಿಸುತ್ತಾನೆ, ಒಂದು ತಿಂಗಳು ಮುಖ ನೋಡುವುದಿಲ್ಲ. ಆಮೇಲೆ ಬರುತ್ತಾನೆ. "ನನಗ ಗೊತ್ತಿತ್ತು ಮಲೀಕ," ಎಂದು ಬಾವಿಯ ಕಡೆ ಮುಖ ಮಾಡಿ ಮೆಲ್ಲಗೆ ಅಂದು ನೋಡಿದ. "ನನಗ ಗೊತ್ತಿತ್ತಪಾ."

"ಯಾರ ಜೋಡಿ ಮಾತಾಡಾಕತ್ತೀರಿ?" ಹೆಂಡತಿ ಸುವರ್ಣಾ ಬಟ್ಟೆ ಒಣಹಾಕಲು ಬಂದಿದ್ದಳು.

"ಬಾವಿ ಜೋಡಿ."

"ಅದಾರ ತಿರುಗಿ ಮಾತಾಡ್ತೈತೇನು?" ಅವಳು ಸೀರೆ ಝಾಡಿಸಿ ಹಗ್ಗಕ್ಕೆ ಹಾಕಿದಳು. ಸೀರೆಯ ಹಿಂದಿನಿಂದ, ಮುಖ ಕಾಣದ ಹಾಗೆ, "ಮೊನ್ನಿ ಸಂಜಿಮುಂದ ಮಲೀಕಣ್ಣ ದವಾಖಾನಿಗೆ ಹೋಗಿದ್ರು. ಮಷೀನ್ ಸಪ್ಪಳ ಕೇಳಾಕತ್ತಿತ್ತು. ಚಾ ತಂದಿದ್ದೆ, ಕದ ಹಾಕಿತ್ತು," ಎಂದಳು.

"ಅದಕ್ಕೇನೀಗ?"

"ಏನಿಲ್ರಿ. ಚಾ ನಾನs ಕುಡದೆ."

ಮಕ್ಕಳಿಲ್ಲದ ಆ ಮನೆಯಲ್ಲಿ ಅವರಿಬ್ಬರ ಮಾತು ಎಂದೂ ಇದಕ್ಕಿಂತ ಉದ್ದ ಆಗುತ್ತಿರಲಿಲ್ಲ. ಅವಳಿಗೆ ಎಷ್ಟು ಗೊತ್ತು ಎಂದು ಕೇಳುವ ಧೈರ್ಯ ಗುರಣ್ಣನಿಗಿರಲಿಲ್ಲ. ಕೇಳಿದರೆ ಅವಳು ಹೇಳುವವಳೇ. ಮೊನ್ನೆ ಬೆಳಿಗ್ಗೆ ಅವಳ ಜೊತೆಗೇ ದವಾಖಾನೆಗೆ ಹೋಗಿದ್ದ. ಮಲೀಕನ ಮಗಳು ಜೋಹರಾಬಿಗೆ ಚೊಚ್ಚಲ ಹೆರಿಗೆ. ಮುದ್ದೇಬಿಹಾಳಕ್ಕೆ ಕೊಟ್ಟ ಹುಡುಗಿ, ತೊಟ್ಟಿಲು ತವರಿನಿಂದ ಹೋಗಬೇಕು. ಬರುವ ಶುಕ್ರವಾರ ಕೂಸನ್ನು ತೊಟ್ಟಿಲಿಗೆ ಹಾಕಲು ಬೀಗರು ಬರುವವರಿದ್ದರು. ಈ ಜೋಹರಾಬಿ ಇದೇ ಗೋದಲಿಯಲ್ಲಿ ಕುಳಿತು ಹಿತ್ತಾಳೆ ಸುರುಳಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಆಡಿ ಬೆಳೆದವಳು. ಕಾಕಾ ಕಾಕಾ ಎಂದು ಗುರಣ್ಣನ ಧೋತರದ ಚುಂಗು ಹಿಡಿದು ತಿರುಗಿದವಳು. ಸುವರ್ಣಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಗುರಣ್ಣ, "ನಿನ್ನ ತೊಟ್ಟಲಾ ನೋಡವಾ ಹೆಂಗ ಮಾಡಿಕೊಡ್ತೇನಿ" ಎಂದ. ಜೋಹರಾಬಿ ಹಾಸಿಗೆಯಿಂದಲೇ ನಕ್ಕು, "ಎಸಳು ಮಾತ್ರ ನಮ್ಮಪ್ಪಾನ ಕೈಲೇ ಆಗ್ಲಿ ಕಾಕಾ. ನೀವು ನಟ್ಟು ಬೋಲ್ಟು ಗಟ್ಟಿ ಮಾಡಿಕೊಡ್ರಿ," ಎಂದಳು. ಎಲ್ಲರೂ ನಕ್ಕರು. ಬಾಜು ಕಾಟಿನ ಬಾಣಂತಿಯೂ ನಕ್ಕಳು. ಗುರಣ್ಣನೂ ಬಾಯಿ ತುಂಬ ನಕ್ಕ. ಆ ಹುಡುಗಿಯ ಮನಸ್ಸಿನಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ. ಅದೇ ಕಷ್ಟ. ಕೆಟ್ಟದ್ದಿದ್ದರೆ ಬೈದು ಬರಬಹುದಿತ್ತು.

ಅವನು ಒಳಗೆ ಬಂದಾಗ ಕನ್ನೊಳ್ಳಿಯ ಶೆಟ್ಟೆವ್ವ ಬಂದು ಕುಳಿತಿದ್ದಳು. ಕಾಲು ಮುರಿದ ದೀಪದ ಕಂಬ ಸೆರಗಿನಲ್ಲಿ. ಗುರಣ್ಣನಿಗೆ ದೂರದಿಂದ ಬಳಗವಾಗಬೇಕಾದ ಮುದುಕಿ. ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ ನಾಲ್ಕು ಗುಂಡುಗಳಲ್ಲಿ ಒಂದನ್ನು ಎತ್ತಿಕೊಂಡು ಅದರಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದಳು.

"ಅಯ್ ನಮ್ಮವ್ವ, ಎಷ್ಟ ಹೊಳಿತಾವೋ! ಕನ್ನಡಿ ಆಗ್ಯಾವ. ಯಾರ ಮಾಡಿದ್ದಿವು?"

"ಗುರಣ್ಣಂದ್ರಿ ಆಯಿ," ಎಂದ ಮಲೀಕ, ಮಸೆಯುವುದನ್ನು ನಿಲ್ಲಿಸದೆ.

"ಛೊಲೊ ಮಾಡೀದಿ ನೋಡಪಾ. ಆ ಸಾಬ ಮಾಡಾಂವ ಗೀರ್ ಗೀರ್ ಇರ್ತಾವ. ಬೂದಿ ಹಚ್ಚಿ ತಿಕ್ಕಿದ್ರ ಒಳಗ ಸಿಕ್ಕೊಂತೈತಿ. ಇಂಥಾವ ಛೊಲೊ." ಆ ಸಾಬ ತನ್ನ ಎದುರೇ ಕುಳಿತವನು ಎಂದು ಅವಳಿಗೆ ತಿಳಿದಿರಲಿಲ್ಲವೋ, ಅಥವಾ ತಿಳಿದೇ ಅಂದಳೋ. ಮಲೀಕ ಜೋರಾಗಿ ನಕ್ಕುಬಿಟ್ಟ. "ಹೌದ್ರಿ ಆಯಿ, ತಿಕ್ಕೂ ಮಂದಿಗೆ ನನ್ನ ಮ್ಯಾಲ ಸಿಟ್ಟೈತಿ." ನಗುತ್ತ ಗುರಣ್ಣನ ಕಡೆ ನೋಡಿದ. ನೀನೂ ನಗು ಎನ್ನುವಂತಿತ್ತು ಆ ನೋಟ. ಗುರಣ್ಣ ದೀಪದ ಕಂಬ ಇಸಿದುಕೊಂಡು, ಮುರಿದ ಜಾಗ ನೋಡಿ, "ಸೋಮವಾರ ಬಾ ಆಯಿ" ಎಂದ. ಇಷ್ಟು ವರ್ಷ ಯಾರ ಬಾಯಿಂದ ಈ ಮಾತು ಕೇಳಬೇಕೆಂದು ಕಾದಿದ್ದನೋ, ಮಲೀಕನ ಎದುರಿಗೆ, ಎಸಳಿಗಿಂತ ನಿನ್ನದೇ ಛೊಲೊ ಎಂಬ ಮಾತು, ಅದು ಈಗ ಸಿಕ್ಕಿತ್ತು. ಬಾಯಲ್ಲಿ ಎಮರಿ ಪೇಪರಿನ ಪುಡಿ ಸಿಕ್ಕಂತಾಗಿತ್ತು.

ಯಾಕೆಂದರೆ ಮೊನ್ನೆ ಸಂಜೆ ಕದ ಹಾಕಿಕೊಂಡು ಅವನು ಮೊದಲು ಎಸಳನ್ನು ನೋಡಿದ್ದ. ಅರ್ಧ ತಾಸು ನೋಡಿದ್ದ. ಆ ದಿನ ಯಾಕೋ ಪಾಳಿ ತಪ್ಪಿ ಸಂಜೆಯವರೆಗೂ ಕರೆಂಟಿತ್ತು. ಪಡುವಣ ಕಿಟಕಿಯಿಂದ ಇಳಿಬಿಸಿಲು ಬಿದ್ದು ನಾಲ್ಕೂ ಗುಂಡು ಕೂತಲ್ಲೇ ತಿರುಗುತ್ತಿದ್ದವು. ಇದುವರೆಗೆ ಮಲೀಕ ಮಾಡಿದ್ದರಲ್ಲೆಲ್ಲ ಅವೇ ಮೇಲು. ಆಮೇಲೆ ಗುರಣ್ಣ ಒಂದನ್ನು ಎತ್ತಿ, ಬುಡಕ್ಕೆ ತಾಮ್ರದ ತಗಡು ಸುತ್ತಿ, ಕಚ್ಚಿ ಹಿಡಿದು ತಿರುಗಿಸುವ ಚಕ್ಕಿಗೆ ಕೂಡಿಸಿದ. ಚಕ್ಕಿನ ಹಲ್ಲು ಬಿದ್ದು ಬುಡಕ್ಕೆ ಕಲೆಯಾಗಬಾರದು ಎಂದು. ಎಷ್ಟು ಜೋಪಾನ! ಹಾಳು ಮಾಡಲು ಹೊರಟವನಿಗೆ ಇಷ್ಟು ಜೋಪಾನ ಯಾಕೆ ಬೇಕಿತ್ತು ಎಂದು ಈಗ ಕೇಳಿಕೊಂಡರೆ ಉತ್ತರ ಇಲ್ಲ. ಮಷೀನು ತಿರುಗತೊಡಗಿದಾಗ ಎಸಳು ಕಾಣುವುದಿಲ್ಲ, ಬರೀ ಒಂದು ಮಂಜು. ಮಂಜಿಗೆ ಪೇಪರ ಹಚ್ಚಿದ. ಕಣ್ಣಿಗೆ ಕಾಣದ್ದನ್ನು ತಿಕ್ಕುವುದು ಬಹಳ ಸುಲಭ. ಒಂದು ಮುಗಿದಾಗ ನಿಲ್ಲಿಸಬಹುದಿತ್ತು. ಒಂದು ಹೋಯಿತು, ಕೈತಪ್ಪಿತು ಅನ್ನಬಹುದಿತ್ತು. ಎರಡನೆಯದಕ್ಕೂ ತಗಡು ಸುತ್ತಿದ. ನಾಲ್ಕೂ ಆದ ಮೇಲೆ ಮಲೀಕ ಇಟ್ಟಿದ್ದ ಕ್ರಮದಲ್ಲೇ ಇಟ್ಟು, ಮಲೀಕ ಹೊದಿಸಿದ್ದ ಬಟ್ಟೆಯನ್ನೇ ಹೊದಿಸಿ, ನೆಲಕ್ಕೆ ಬಿದ್ದಿದ್ದ ಹಳದಿ ಪುಡಿ ಗುಡಿಸಿ, ಕೈಕಾಲು ತೊಳೆದುಕೊಂಡು ಊಟಕ್ಕೆ ಕುಳಿತಿದ್ದ. ಜೋಳದ ರೊಟ್ಟಿ, ಬದನೆಕಾಯಿ. ಎರಡು ಸಲ ಬಡಿಸಿಕೊಂಡು ಉಂಡಿದ್ದ.

ಒಂದು ಗಂಟೆಗೆ ಬಲ್ಬು ಹತ್ತಿತು. "ಬಾ," ಎಂದ ಮಲೀಕ. ಗುಂಡನ್ನು ಚಕ್ಕಿಗೆ ಕೂಡಿಸಿ, ಬೆಲ್ಟನ್ನು ನಿಧಾನದ ಗಾಲಿಗೆ ಹಾಕಿ, ಗುರಣ್ಣನನ್ನು ಮಷೀನಿನ ಎದುರು ನಿಲ್ಲಿಸಿದ. ತಾನು ಹಿಂದೆ ನಿಂತ. ಅವನ ಎದೆ ಗುರಣ್ಣನ ಬೆನ್ನಿಗೆ ತಾಗಿತು. ಬೀಡಿಯ, ಅತ್ತರದ, ಗ್ರೀಸಿನ ವಾಸನೆ. ಕೈಮೇಲೆ ಕೈ ಇಟ್ಟ. ಗುರಣ್ಣನಿಗೆ ಐವತ್ತೊಂದು ವರ್ಷ. ಅವನ ಕೈಯನ್ನು ಹೀಗೆ ಯಾರಾದರೂ ಹಿಡಿದು ಎಷ್ಟು ವರ್ಷವಾಗಿತ್ತೋ.

"ಗಟ್ಟಿ ಹಿಡೀಬ್ಯಾಡೋ. ಶಾಫ್ಟ್ ಅಲ್ಲ ಇದು. ಗುಬ್ಬಿಮರಿ ಹಿಡದಂಗ ಹಿಡಿ."

"ಹಿಡದೇನಲ್ಲ."

"ಹಿಡದಿಲ್ಲ, ಕುತ್ತಿಗಿ ಒತ್ತೀದಿ. ಬಿಡು, ಸಡ್ಲ ಬಿಡು. ಅಂಜಬ್ಯಾಡ, ನಡಗಲಿ. ನಡಗಿದ್ರ ಏನಾತು? ಕಿವಿಗೊಡು… ಈಗಲ್ಲ… ಈಗಲ್ಲ… ಹಾಂ, ಈಗ!"

ಬ್ಲೇಡು ಗುಂಯ್ ಅಂದಿತು. ಆ ಸದ್ದು ಹೆಬ್ಬೆರಳಿನಿಂದ ಹತ್ತಿ ಮೊಣಕೈಗೆ, ಹೆಗಲಿಗೆ, ಹಲ್ಲಿನ ಬೇರಿಗೆ ಬಂತು. ಮಲೀಕ ಕೈ ಹಿಂದೆಳೆದು ಮಷೀನು ನಿಲ್ಲಿಸಿದ. ಗುಂಡು ನಿಧಾನವಾಗಿ ನಿಲ್ಲುತ್ತ ಬಂದ ಹಾಗೆ ಮಂಜು ಹರಿದು ಎಸಳು ಒಂದೊಂದಾಗಿ ಮೇಲೆದ್ದವು. ಕೆಳಗೆ ಸ್ವಲ್ಪ ಒಡಕಾಗಿದ್ದವು, ಆದರೆ ಎಸಳೇ. ಗುರಣ್ಣನ ಗಂಟಲಿನಿಂದ ಮಗು ಮಾಡುವಂಥ ಒಂದು ಸದ್ದು ಬಂತು. ಮಲೀಕ ಅವನ ಬೆನ್ನ ಮೇಲೆ ಗುದ್ದಿ, "ನೋಡಲೇ! ಬಂತಲ್ಲೋ ಭಾಡ್ಯಾ! ಶುಕ್ರವಾರ ಬೀಗರ ಮುಂದ ಹೇಳ್ತೇನಿ, ಒಂದು ಗುಂಡು ಕೂಸಿನ ಕಾಕಾ ಮಾಡಿದ್ದಂತ," ಎಂದ. ಮತ್ತೆ ಮಷೀನು ಚಾಲೂ ಮಾಡಿ, ಅಂಚು ತಿದ್ದಲೆಂದು ಮತ್ತೆ ಕೈಮೇಲೆ ಕೈ ಇಟ್ಟ. ಆ ಕೈಯ ಬಿಸಿ ಗುರಣ್ಣನಿಗೆ ತಡೆಯಲಾಗಲಿಲ್ಲ.

"ನನಗ ಗೊತ್ತಿತ್ತು," ಎಂದ, ಮಷೀನನ್ನೇ ನೋಡುತ್ತ.

"ಏನು?"

"ಎಸಳಂತ ಗೊತ್ತಿತ್ತು. ಗೊತ್ತಿದ್ದs ಒರಸೀನಿ. ನಾಲ್ಕೂ."

ಕೈ ಅಲ್ಲೇ ಇತ್ತು. ಆಮೇಲೆ ಒಂದೊಂದೇ ಬೆರಳು ಎದ್ದು ಹೋಯಿತು. ಬೆನ್ನಿಗೆ ತಾಗಿದ್ದ ಎದೆ ಹಿಂದೆ ಸರಿದು ಅಲ್ಲಿ ತಣ್ಣಗಾಯಿತು. ಗುರಣ್ಣ ತಿರುಗಿದ. ಮಲೀಕನ ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಬಾಜೂಕ ಕುಳಿತ ಗುರುತಿಲ್ಲದವನನ್ನು ನೋಡುವ ಹಾಗೆ ನೋಡುತ್ತಿದ್ದ.

"ಮುಂಜಾನೆ ಕೇಳಿದಾಗ ಹೇಳಿದ್ರ ಹೊಡೀತಿದ್ದೆ ನಿನಗ," ಎಂದ.

"ಈಗ ಹೊಡಿ."

"ಹೊಡದು ಇಲ್ಲೇ ಇರ್ತಿದ್ದೆ."

"ಹೊಡಿಯೋ ಮಲೀಕ. ಈಗ ಹೊಡಿ ಅಂತೀನಲ್ಲ. ಪಾನಾ ತಗೊಂಡು ಹೊಡಿ."

"ಈಗ ಹೆಂಗ ಹೊಡೀಲಿ? ಕೈ ಹಿಡದು ಕಲಿಸೀನಿ."

ಅವನು ಕಟ್ಟೆಯ ಮೇಲಿನ ಮೂರು ಬೋಳು ಗುಂಡುಗಳನ್ನು ವಸ್ತ್ರದಲ್ಲಿ ಕಟ್ಟಿಕೊಂಡ. ಗೋದಲಿಯ ಮೂಲೆಯಿಂದ ಟೊಪ್ಪಿಗೆ ಎತ್ತಿ ತಲೆಗೆ ಹಾಕಿದ. ಗುರಣ್ಣ ಅವನ ಎದುರು ಹೋಗಿ ನಿಂತ. "ಎಲ್ಲಿಗಿ? ಇನ್ನ ಮೂರ ಅದಾವ. ಕರೆಂಟ್ ನಾಲ್ಕರ ತನಕಾ ಇರತೈತಿ. ಇದೊಂದರೆ ಒಯ್ಯಿ, ತೊಟ್ಟಲಕ್ಕ ನಾಲ್ಕು ಬೇಕಲ್ಲೋ."

"ಅದು ಬ್ಯಾಡ. ಅದರಾಗ ನಿನ್ನ ಕೈ ಕೂಡೇತಿ."

ಮಲೀಕ ಅವನನ್ನು ಬಳಸಿಕೊಂಡು ಹೊಸ್ತಿಲು ದಾಟಿದ. ಅಂಗಳದಲ್ಲಿ ಸುವರ್ಣಾ ಏನೋ ಕೇಳಿದ್ದು, ಅವನು "ಇಲ್ಲವಾ, ಬ್ಯಾಡ" ಅಂದದ್ದು ಕೇಳಿಸಿತು. ಆಮೇಲೆ ಚಪ್ಪಲಿಯ ಸದ್ದು. ಗುರಣ್ಣ ಕೂಗಲು ಬಾಯಿ ತೆರೆದ. ಕೂಗುವುದು ಅವನಿಗೆ ಕಷ್ಟದ್ದಲ್ಲ. ಓಣಿಗೆಲ್ಲ ಕೇಳುವ ಹಾಗೆ ದಿನಕ್ಕೆ ಹತ್ತು ಸಲ ಕೂಗುವವನು. ಆದರೆ ಕೂಗಿ ಹೇಳುವುದಕ್ಕೆ ಉಳಿದಿದ್ದ ಮಾತು ಯಾವುದು?

ಸುವರ್ಣಾ ಆಗಲೇ ಮಾಡಿದ್ದ ಎರಡು ಕಪ್ ಚಹಾ ತಂದು ಕಟ್ಟೆಯ ಮೇಲಿಟ್ಟಳು. "ಮಷೀನ್ ಬಂದ್ ಮಾಡ್ರಿ, ಸುಮ್ನ ತಿರಗಾಕತ್ತೈತಿ," ಎಂದಳು.

"ತಿರಗಲಿ. ಬರ್ತಾನ ಈಗ."

ಅವಳು ಒಂದು ಕಪ್ಪನ್ನು ವಾಪಸು ಒಯ್ದಳು. ಕರೆಂಟು ನಾಲ್ಕಕ್ಕೆ ಹೋಯಿತು. ಅಲ್ಲಿಯವರೆಗೂ ಮಷೀನು ತಿರುಗಿತು, ಗುರಣ್ಣ ಅದರ ಬಾಜೂಕ ನಿಂತಿದ್ದ. ದಾವಲಮಲಿಕ ಬರಲಿಲ್ಲ, ಅಂದೂ ಇಲ್ಲ, ಶುಕ್ರವಾರವೂ ಇಲ್ಲ, ಆಮೇಲೆ ಎಂದೂ ಇಲ್ಲ.